ಮದುವೆ ಮುಗಿದ ಮೇಲೆ ಉಳಿದ ವೋಚರ್

ಶಾಲೆಗಳು ಮತ್ತೆ ತೆರೆಯುತ್ತವೆ ಎಂಬ ಸುದ್ದಿ ಬಂದ ವಾರವೇ ಲ್ಯಾಮಿನೇಷನ್ ಮಾಮನ ಮೆಷಿನ್ ಕೈಕೊಟ್ಟಿತು. ಬಿಸಿ ರೋಲರಿನ ರಬ್ಬರ್ ಬಿರುಕು ಬಿಟ್ಟಿತ್ತು. ಯಾವ ಕಾರ್ಡ್ ಹಾಕಿದರೂ ಮೈತುಂಬ ಗುಳ್ಳೆ ಎದ್ದು ಹೊರಬರುತ್ತಿತ್ತು.

ಮಾಮನದು ಬೀದಿಯ ಮೂಲೆಯಲ್ಲಿ ಒಂದೇ ಕೋಣೆಯ ಅಂಗಡಿ. ಜೆರಾಕ್ಸ್, ಬೈಂಡಿಂಗ್, ಲ್ಯಾಮಿನೇಷನ್. ಕಾಯಿಲೆ ಹರಡಿದ ಮೇಲೆ ಶಾಲೆ ಮುಚ್ಚಿತು, ಕಚೇರಿಗಳು ಮುಚ್ಚಿದವು, ಅಂಗಡಿ ತೆರೆದಿದ್ದರೂ ಮುಚ್ಚಿದ ಹಾಗೇ ಇತ್ತು. ಈಗ ಶಾಲೆಯ ಹೆಡ್ ಮೇಡಂ ಫೋನ್ ಮಾಡಿ, "ಮಕ್ಕಳ ಐಡಿ ಕಾರ್ಡೆಲ್ಲ ನಿಮ್ಮ ಹತ್ರಾನೇ ಮಾಡಿಸ್ತೀವಿ. ಶಾಲೆ ಶುರುವಾಗೋ ಮುಂಚೆ ಬೇಕು. ಆಗಲ್ಲ ಅಂದ್ರೆ ಈಗಲೇ ಹೇಳಿಬಿಡಿ, ಬೇರೆಯವರಿಗೆ ಕೊಡ್ತೀವಿ" ಎಂದಿದ್ದರು. ಮಾಮ ಹಿಂದೆಮುಂದೆ ನೋಡದೆ ಒಪ್ಪಿಕೊಂಡಿದ್ದ. ರೋಲರ್ ಮಾರುವವನು ಮಾತ್ರ, ಸಾಲದ ಮಾತೇ ಎತ್ತಬೇಡಿ ಎಂದುಬಿಟ್ಟ. ಈ ಕೆಲಸ ಕೈತಪ್ಪಿದರೆ ಅಂಗಡಿಯ ಬಾಡಿಗೆ ಕಟ್ಟಲು ಬೇರೆ ದಾರಿ ಇರಲಿಲ್ಲ.

ಮಾಮ ತಲೆಯ ಮೇಲೆ ಕೈಹೊತ್ತು ಕೂತಿದ್ದಾನೆ ಎಂದು ಕೇಳಿ ಅವನ ಅಕ್ಕ ಮನೆಗೆ ಬಂದಳು. ಬ್ಯಾಂಕಿನ ಕೌಂಟರಿನಲ್ಲಿ ದುಡಿದು ನಿವೃತ್ತಳಾದವಳು. ಈಗ ಗ್ರಾಹಕರ ಸಹಾಯವಾಣಿಯಲ್ಲಿ ಸಂಬಳವಿಲ್ಲದೆ ಫೋನ್ ಎತ್ತುತ್ತಾಳೆ. ಮಾಸ್ಕ್ ತೆಗೆಯದೆ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂತಳು.

"ಅಲ್ವೋ, ಮಗಳ ಮದುವೆಗೆ ಅಂತ ಹಾಲ್‌ಗೆ ಕಟ್ಟಿದ್ಯಲ್ಲ, ಆ ದುಡ್ಡು ಏನಾಯ್ತು?"

ಅದೊಂದು ಕಥೆ. ಮದುವೆಗೆ ಹಾಲ್ ಗೊತ್ತುಮಾಡಿ ಪೂರ್ತಿ ಹಣ ಕಟ್ಟಿದ್ದರು. ಅಷ್ಟರಲ್ಲಿ ಹಾಲ್‌ಗಳನ್ನೆಲ್ಲ ಮುಚ್ಚಬೇಕೆಂದು ಸರ್ಕಾರದ ಆದೇಶ ಬಂತು. ಎಷ್ಟು ದಿನ ಕಾಯುವುದು ಎಂದು ಹುಡುಗ, ಹುಡುಗಿ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ ಗಂಡ ಹೆಂಡತಿ ಆದರು. ಹಾಲಿನ ಮ್ಯಾನೇಜರ್ ಹಣದ ಬದಲು ಒಂದು ವೋಚರ್ ಕೊಟ್ಟು, "ಒಂದು ವರ್ಷದೊಳಗೆ ಯಾವ ಕಾರ್ಯಕ್ರಮಕ್ಕಾದ್ರೂ ಬಳಸ್ಕೊಳ್ಳಿ" ಎಂದು ನಗುತ್ತಾ ಕಳಿಸಿದ್ದ.

"ಅದು ಭದ್ರವಾಗಿದೆ ಅತ್ತಿಗೆ. ವೋಚರ್ ಇದೆ, ಇವರೇ ಬೀರುವಲ್ಲಿ ಇಟ್ಟಿದ್ದಾರೆ" ಎಂದಳು ಮಾಮನ ಹೆಂಡತಿ.

"ವೋಚರ್ ಅಂದ್ರೆ ದುಡ್ಡಲ್ಲಮ್ಮಾ. ದುಡ್ಡಿಗೆ ಕೊನೇ ತಾರೀಕು ಇರಲ್ಲ, ಇದಕ್ಕೆ ಇರುತ್ತೆ. ಯಾವತ್ತಿನವರೆಗಿದೆ?"

"ಈ ತಿಂಗಳ ಕೊನೆ" ಎಂದ ಮಾಮ, ನೆಲ ನೋಡುತ್ತಾ.

"ತಗೊಂಬಾ, ನೋಡೋಣ."

ಮಾಮ ಕೂತಲ್ಲಿಂದ ಏಳಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಅವನು ಇಷ್ಟು ದಿನ ಮುಚ್ಚಿಟ್ಟ ಸಂಗತಿ ಒಂದಿತ್ತು. ಅಕ್ಕ ಮತ್ತೊಮ್ಮೆ ಕೇಳಿದ ಮೇಲೆ ಬೀರು ತೆಗೆದು ತಂದು ಮೇಜಿನ ಮೇಲಿಟ್ಟ. ಅಂಚು ನೀಟಾಗಿ ಕತ್ತರಿಸಿದ, ಹೊಳೆಯುವ ಪ್ಲಾಸ್ಟಿಕ್ಕಿನೊಳಗೆ ಒಂದು ಚೀಟಿ. ಚೀಟಿ ಪೂರ್ತಿ ಕಪ್ಪು. ಒಂದಕ್ಷರವೂ ಇಲ್ಲ.

ಮಾಮನಿಗೆ ಮುಖ್ಯ ಎನಿಸಿದ ಯಾವ ಕಾಗದವೂ ಪ್ಲಾಸ್ಟಿಕ್ ಹೊದೆಯದೆ ಬೀರು ಸೇರಿದ್ದಿಲ್ಲ. ವೋಚರ್ ಕೈಗೆ ಬಂದ ದಿನವೇ ಅದನ್ನೂ ರೋಲರಿಗೆ ಕೊಟ್ಟಿದ್ದ. ಅದು ಬಿಲ್ ಮೆಷಿನ್ನಿನ ಚೀಟಿ. ಆ ಕಾಗದಕ್ಕೆ ಶಾಯಿ ಹಾಕುವುದಿಲ್ಲ, ಬಿಸಿ ತಗುಲಿದ ಕಡೆ ಕಪ್ಪಾಗಿ ಅಕ್ಷರ ಮೂಡುತ್ತದೆ. ಬಿಸಿ ರೋಲರಿನ ನಡುವೆ ತೂರಿಸಿದರೆ ಇಡೀ ಕಾಗದವೇ ಕಪ್ಪಾಗುತ್ತದೆ. ಇದನ್ನು ಗಿರಾಕಿಗಳಿಗೆ ಸಾವಿರ ಸಲ ಹೇಳಿ ವಾಪಸ್ ಕಳಿಸಿದವನು, ತನ್ನ ಚೀಟಿಯ ಸರದಿ ಬಂದಾಗ ಮರೆತಿದ್ದ.

ಹೆಂಡತಿ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. "ನಮ್ಮ ಯಜಮಾನ್ರು ಹಾಲ್ ಬುಕ್ಕಿಂಗನ್ನ ಕಾಡಿಗೆ ಮಾಡಿಟ್ಟಿದ್ದಾರೆ ಅತ್ತಿಗೆ! ಇಷ್ಟು ದಿನ ನಾನು ಇದನ್ನ ನಂಬ್ಕೊಂಡು ಕೂತಿದ್ದೆ."

ಅವಳಿಗೆ ನಗು ಬರಲಿಲ್ಲ. ಮಾಮನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಚೀಟಿ ಹೋದ್ರೆ ದುಡ್ಡು ಹೋಯ್ತು ಅಂತ ಯಾರು ಹೇಳಿದ್ರು?" ಎಂದಳು ಅಕ್ಕ. "ದುಡ್ಡು ಹೇಗೆ ಕಟ್ಟಿದ್ದೆ?"

"ಬ್ಯಾಂಕಿಂದ."

"ಹಾಗಾದ್ರೆ ಬ್ಯಾಂಕಲ್ಲಿ ಅದರ ಗುರುತಿದೆ. ಬುಕ್ ಮಾಡಿದಾಗ ಮೊಬೈಲಿಗೆ ಮೆಸೇಜ್ ಬಂದಿರುತ್ತೆ, ಅಳಿಸಿಲ್ಲ ತಾನೆ? ಹಾಲ್‌ನೋರ ಕಂಪ್ಯೂಟರಲ್ಲೂ ವೋಚರ್ ನಂಬರ್ ಇರುತ್ತೆ. ಅದಿರಲಿ, ನಿನಗೆ ವೋಚರ್ ಯಾಕೆ? ಇನ್ನೊಬ್ಬ ಮಗಳನ್ನ ಬಚ್ಚಿಟ್ಟಿದ್ಯಾ ಮದುವೆ ಮಾಡೋಕೆ?"

"ಪಾಲಿಸಿ ಅಂದ್ರಕ್ಕ ಅವರು."

"ಪಾಲಿಸಿ ಅಂದ್ರೆ ದೇವರ ಅಪ್ಪಣೆನಾ? ಬೇಡ ಅಂತ ನೀನೇ ಹೇಳಿದ್ರೆ ಆ ಮಾತು ಬೇರೆ. ಇಲ್ಲಿ ಹಾಲ್ ಮುಚ್ಚಿತ್ತು, ಅವರು ಕೊಡ್ತೀವಿ ಅಂದಿದ್ದನ್ನ ಕೊಡೋಕಾಗಿಲ್ಲ. ಅಂಥ ಕಡೆ ದುಡ್ಡೇ ವಾಪಸ್ ಕೊಡಿ ಅಂತ ಕೇಳಬಹುದು. ಕೇಳಿದವರಿಗೆಲ್ಲ ಸಿಗುತ್ತೆ ಅಂತ ನಾನು ಹೇಳಲ್ಲ. ಕೇಳದೇ ಇರೋರಿಗಂತೂ ಸಿಗಲ್ಲ."

ಮಾಮನಿಗೆ ಇನ್ನೊಂದು ಸಂಕಟವಿತ್ತು. ಆ ಹಾಲಿನ ಮೆನು ಕಾರ್ಡುಗಳೆಲ್ಲ ಲ್ಯಾಮಿನೇಟ್ ಆಗುವುದು ಅವನ ಅಂಗಡಿಯಲ್ಲೇ. ಮ್ಯಾನೇಜರ್ ಅವನ ಹಳೇ ಗಿರಾಕಿ. "ಅವರು ಕೊಡೋ ಕೆಲಸಾನೂ ಹೋದ್ರೆ? ಪಾಪ, ಅವರಿಗೂ ಕಷ್ಟ ಅಲ್ವಾ? ಕೊಟ್ಟ ಕೈಯನ್ನೇ ಮುಂದೆ ಚಾಚೋಕೆ ಒಂಥರಾ ಆಗುತ್ತೆ" ಎಂದ.

"ಹೆಡ್ ಮೇಡಂ ಮೊದಲೇ ಅಡ್ವಾನ್ಸ್ ಕೊಟ್ಟಿದ್ರಲ್ಲ, ಶಾಲೆ ಮುಚ್ಚಿದಾಗ ಅದನ್ನ ಏನು ಮಾಡಿದೆ?"

"ವಾಪಸ್ ಕೊಟ್ಟೆ. ಕೆಲಸಾನೇ ಮಾಡಿಲ್ಲ, ಇಟ್ಕೊಳ್ಳೋದು ಹೇಗೆ?"

"ಮುಂದಿನ ವರ್ಷ ಬಂದು ಏನಾದ್ರೂ ಲ್ಯಾಮಿನೇಟ್ ಮಾಡಿಸ್ಕೊಳ್ಳಿ, ಇಲ್ಲಾಂದ್ರೆ ನಿಮ್ಮ ದುಡ್ಡು ನಂದು ಅಂತ ಒಂದು ಚೀಟಿ ಕೊಡಬೇಕಿತ್ತು."

"ಛೆ! ಅದೆಂಥ ನ್ಯಾಯ?"

"ಅದನ್ನೇ ನಾನೂ ಕೇಳ್ತಿರೋದು" ಎಂದಳು ಅಕ್ಕ.

ಹೆಂಡತಿ ಒಳಗಿನಿಂದ ಪೆನ್ನು ಕಾಗದ ತಂದು ಅವನ ಮುಂದಿಟ್ಟಳು. ಅಕ್ಕ ಹೇಳಿದ ಹಾಗೆ ಮಾಮ ಬರೆದ. ಯಾವ ದಿನಕ್ಕೆ ಬುಕ್ ಮಾಡಿದ್ದು, ಎಷ್ಟು ಕಟ್ಟಿದ್ದು, ಯಾಕೆ ನಡೆಯಲಿಲ್ಲ, ವೋಚರ್ ಬೇಡ, ಹಣ ಕೊಡಿ. ಅಷ್ಟೇ. ಬೈಗುಳವಿಲ್ಲ, ಗೋಳೂ ಇಲ್ಲ. ಬ್ಯಾಂಕಿನ ವಿವರದ ಪ್ರತಿಯನ್ನೂ ಬುಕ್ಕಿಂಗ್ ಮೆಸೇಜಿನ ಪ್ರಿಂಟನ್ನೂ ಪತ್ರದ ಹಿಂದೆ ಪಿನ್ ಮಾಡಿದ. ಅದೇ ಪತ್ರವನ್ನು ಹಾಲಿನವರಿಗೆ ಈಮೇಲ್ ಕೂಡ ಮಾಡಿಸಿದಳು ಅಕ್ಕ.

ಮರುದಿನ ಮಾಮ ಮದುವೆ ಹಾಲ್‌ಗೆ ಹೋದ. ಒಳಗೆ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿ ಬಟ್ಟೆ ಹೊದಿಸಿದ್ದರು. ಮ್ಯಾನೇಜರ್ ಪತ್ರ ಓದಿ, "ವೋಚರ್ ಎಲ್ಲಿ?" ಎಂದ.

"ಹಾಳಾಯ್ತು ಸಾರ್. ನಂಬರ್ ನಿಮ್ಮ ಕಂಪ್ಯೂಟರಲ್ಲಿದೆ, ನೋಡಿ."

ಮ್ಯಾನೇಜರ್ ನೋಡಿದ. ನಂಬರ್ ಇತ್ತು. "ನೀವು ನಮ್ಮೋರು. ನಿಮಗೋಸ್ಕರ ಇನ್ನಾರು ತಿಂಗಳು ಮುಂದಕ್ಕೆ ಹಾಕಿಕೊಡ್ತೀನಿ. ಯಾರಿಗೂ ಕೊಡಲ್ಲ ಹೀಗೆ."

ಮಾಮನ ಬಾಯಿಗೆ 'ಆಗಲಿ ಸಾರ್' ಎಂಬ ಮಾತು ಬಂದೇಬಿಟ್ಟಿತ್ತು. ಜನ್ಮದಲ್ಲಿ ಯಾರಿಗೂ ಇಲ್ಲ ಎಂದು ಹೇಳಿ ಅಭ್ಯಾಸವಿಲ್ಲದ ಮನುಷ್ಯ. ಇದು ಮೂಗಿಗೆ ತುಪ್ಪ ಸವರುವ ಕೆಲಸ ಎಂದು ಗೊತ್ತಿದ್ದರೂ, ಎದುರಿಗಿದ್ದವರ ಮುಖ ಮುರಿಯುವುದು ಅವನಿಗೆ ಕಷ್ಟ. ಆದರೆ ಆರು ತಿಂಗಳ ಮೇಲೆ ಸಿಗುವ ಹಾಲಿನಿಂದ ಈ ವಾರ ರೋಲರ್ ಬರುವುದಿಲ್ಲ.

"ಬೇಡ ಸಾರ್. ನಮ್ಮನೇಲಿ ಇನ್ನು ಮದುವೆ ಇಲ್ಲ. ದುಡ್ಡೇ ಬೇಕು. ಪತ್ರ ತಲುಪಿದೆ ಅಂತ ಇದರ ಜೆರಾಕ್ಸ್ ಮೇಲೆ ಒಂದು ಸೀಲ್ ಹಾಕ್ಕೊಡಿ."

"ಸೀಲ್ ಯಾಕೆ? ನಮ್ಮ ಮೇಲೆ ನಂಬಿಕೆ ಇಲ್ವಾ?"

"ನಂಬಿಕೆ ಇದೆ ಸಾರ್. ಸೀಲೂ ಇರಲಿ."

ಮ್ಯಾನೇಜರ್ ಒಳಗೆ ಹೋದ, ಫೋನಿನಲ್ಲಿ ಯಾರೊಂದಿಗೋ ಮಾತಾಡಿದ, ಹೊರಬಂದ. ಮಾಮ ಅಲ್ಲೇ ನಿಂತಿದ್ದ. ಕೊನೆಗೆ ಸೀಲ್ ಬಿತ್ತು.

ಹಣ ಮಾತ್ರ ಕೂಡಲೇ ಬರಲಿಲ್ಲ. ಈ ನಡುವೆ ಯಾರೋ ಫೋನ್ ಮಾಡಿ, "ರೀಫಂಡ್ ಹಾಕ್ತೀವಿ, ಮೊಬೈಲಿಗೆ ಬಂದ ಓಟಿಪಿ ಹೇಳಿ" ಎಂದರು. ಮಾಮ ಹೇಳುವುದರಲ್ಲಿದ್ದ. ಹೆಂಡತಿ ಫೋನ್ ಕಿತ್ತುಕೊಂಡು, "ಕೊಡೋರಿಗೆ ಓಟಿಪಿ ಯಾಕಪ್ಪಾ? ಕಳ್ಳರಿಗೆ ತಾನೆ ಬೇಕಾಗೋದು" ಎಂದು ಕಟ್ ಮಾಡಿದಳು. ಆಮೇಲೆ ಅವಳೇ ಗ್ರಾಹಕರ ಸಹಾಯವಾಣಿಗೆ ಫೋನ್ ಮಾಡಿ, ಹಾಲಿನವರು ಇನ್ನೂ ಹಣ ಕೊಟ್ಟಿಲ್ಲ ಎಂದು ದೂರು ಬರೆಸಿದಳು. ಅವರು ಹಾಲಿನವರಿಂದ ಉತ್ತರ ಕೇಳಿದರು. ಅದಾದ ಮೇಲೆ ಮ್ಯಾನೇಜರನ ಫೋನ್ ಬಂತು. ಒಂದೇ ಸಲ ಆಗುವುದಿಲ್ಲ, ಎರಡು ಕಂತಿನಲ್ಲಿ ಕೊಡುತ್ತೇವೆ ಎಂದ. ಅಕ್ಕನನ್ನು ಕೇಳಿ, ಅದನ್ನೂ ಬರಹದಲ್ಲಿ ತೆಗೆದುಕೊಂಡು, ಮಾಮ ಒಪ್ಪಿದ.

ಮೊದಲ ಕಂತು ಖಾತೆಗೆ ಬಂದ ದಿನವೇ ರೋಲರ್ ಬಂತು. ಶಾಲೆ ತೆರೆಯುವ ಹಿಂದಿನ ದಿನ ಐಡಿ ಕಾರ್ಡುಗಳು ಹೆಡ್ ಮೇಡಂ ಮೇಜಿನ ಮೇಲಿದ್ದವು. ಹಾಲಿನ ಮೆನು ಕಾರ್ಡುಗಳು ಆಮೇಲೆ ಬಂದವೋ ಇಲ್ಲವೋ ಎಂದು ಕೇಳಬೇಡಿ. ಬರಲಿಲ್ಲ. ಅದಕ್ಕೆ ಮಾಮನಿಗೆ ಬೇಸರವಾದದ್ದು ನಿಜ. ಅಂಗಡಿ ಉಳಿಯಿತು.

ಸುದ್ದಿ ಬೀದಿಯಲ್ಲಿ ಹರಡಿತು. ಬಸ್ ಟಿಕೆಟ್ಟಿನ ವೋಚರ್, ಜಿಮ್ಮಿನ ವೋಚರ್, ಹೋಟೆಲ್ ರೂಮಿನ ವೋಚರ್ ಹಿಡಿದು ಜನ ಮಾಮನ ಅಂಗಡಿಗೇ ಬರತೊಡಗಿದರು. ಎದುರುಮನೆಯ ನರ್ಸಮ್ಮ ಕೂಡ ಬಂದಳು. ವರ್ಷವಿಡೀ ಕಾಯಿಲೆಯವರ ವಾರ್ಡಿನಲ್ಲಿ ದುಡಿದವಳು. ಅಮ್ಮನನ್ನು ನೋಡಲು ಹೋಗಬೇಕೆಂದು ವಿಮಾನದ ಟಿಕೆಟ್ ತೆಗೆದಿದ್ದಳು. ವಿಮಾನ ರದ್ದಾಗಿ ವೋಚರ್ ಬಂದಿತ್ತು. ಮಾಮ ಕನ್ನಡಕ ಏರಿಸಿ ತಾರೀಕು ಓದಿದ. ಅವಧಿ ಹೋದ ವಾರವೇ ಮುಗಿದಿತ್ತು.

"ನನಗೆ ರಜಾನೇ ಸಿಗಲಿಲ್ಲ ಮಾಮ. ನಾಳೆ ಕೇಳೋಣ, ನಾಳೆ ಕೇಳೋಣ ಅಂತಲೇ ಇದ್ದೆ" ಎಂದಳು.

ಮಾಮ ಒಂದು ಬಿಳಿ ಹಾಳೆ ತೆಗೆದು ಅವಳ ಮುಂದಿಟ್ಟು, "ಕೂತ್ಕೊಳ್ಳಮ್ಮಾ. ಸಿಗುತ್ತೆ ಅಂತ ಹೇಳಲ್ಲ. ಆದ್ರೂ ಕೇಳೋಣ, ಬರಿ" ಎಂದ.

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಇಂಥ ವೋಚರ್ ಒಂದು ಇರಬಹುದು. ಪರ್ಸಿನಲ್ಲಿ, ಮೊಬೈಲಿನ ಹಳೆಯ ಮೆಸೇಜುಗಳ ನಡುವೆ. ಇವತ್ತೇ ಹುಡುಕಿ, ಅದರ ಕೊನೆಯ ತಾರೀಕು ನೋಡಿ, ಒಂದು ಫೋಟೋ ತೆಗೆದಿಡಿ. ನಡೆಯದ ಕಾರ್ಯಕ್ರಮಕ್ಕೆ, ಹೊರಡದ ಬಸ್ಸಿಗೆ ನೀವು ಕಟ್ಟಿದ ಹಣವನ್ನು ಬರಹದಲ್ಲಿ ಕೇಳಿ, ಕೇಳಿದ್ದಕ್ಕೆ ಗುರುತು ಇಟ್ಟುಕೊಳ್ಳಿ. ವೋಚರ್ ಒಪ್ಪಿದ್ದೇವೆ ಎಂದು ಸಹಿ ಹಾಕುವ ಮುಂಚೆ, ಅದು ನಿಮಗೆ ನಿಜಕ್ಕೂ ಬೇಕೇ ಎಂದು ಯೋಚಿಸಿ. ನಿಯಮಗಳು ಎಲ್ಲ ಕಡೆ ಒಂದೇ ಅಲ್ಲ, ನಿಮ್ಮ ಊರಿನ ಗ್ರಾಹಕರ ಸಹಾಯ ಕೇಂದ್ರದಲ್ಲಿ ವಿಚಾರಿಸಿ. ಓಟಿಪಿ ಮಾತ್ರ ಯಾರಿಗೂ ಕೊಡಬೇಡಿ. ದುಡಿದು ಕಟ್ಟಿದ್ದನ್ನು ಕೇಳುವುದು ಬೇಡುವುದಲ್ಲ. ನೀವು ಸಂಕೋಚದಿಂದ ಸುಮ್ಮನಿರಬಹುದು, ಚೀಟಿಯ ಮೇಲಿನ ತಾರೀಕು ಸುಮ್ಮನಿರುವುದಿಲ್ಲ.