ಬಗೆಹರಿದ ಕಂಪ್ಲೇಂಟು

ಏನಂತ ತಿಳಕೊಂಡಾರ ಇವರು? ಕನೆಕ್ಷನ್ ಕೊಡುವಾಗ ಒಡಹುಟ್ಟಿದ ಅಕ್ಕನ್ನ ಕರದಂಗ ಬಾಯಿ ತುಂಬ ‘ಬಾಜಿ, ಬಾಜಿ’. ನೆಟ್ ಹೋಯ್ತು ಅಂದ್ರ ಮಾತ್ರ ‘ರೌಟರ್ ಬಂದ್ ಮಾಡಿ ಚಾಲೂ ಮಾಡ್ರಿ’! ಆಳಂದದ ಫರಹೀನ ಒಂದು ತಿಂಗಳಿಂದ ಕುದಿಯಾಕತ್ತಿದ್ದಳು. ಕುದಿಯಬಾರದೇನು ಮತ್ತ?

ಬಿ.ಎಸ್ಸಿ. ಮಾಡಿ ಆರು ವರ್ಷ ಒಲಿ ಮುಂದ ಕುಂತ ಮ್ಯಾಲ ಸಿಕ್ಕ ಕೆಲಸ ಅದು. ಮಾಳಿಗಿ ಮ್ಯಾಲಿನ ಖೋಲಿಯೊಳಗ ಬಾಗಿಲಾ ಹಾಕ್ಕೊಂಡು, ಕಿವಿಗೆ ಹೆಡ್‌ಫೋನ್ ಏರಿಸಿ, ಪುಣೆಯ ಕಂಪನಿ ಪರವಾಗಿ ಆನ್ಲೈನಿನ್ಯಾಗ ಇಪ್ಪತ್ತೆರಡು ಹುಡುಗರಿಗೆ ಗಣಿತ ಹೇಳಬೇಕು. ದಿನಾ ಪಾಠದ ನಡುವ, ಒಮ್ಮೆ ಪೌಣೇ ಐದಕ್ಕ, ಒಮ್ಮೆ ಇನ್ನೊಂದೆರಡು ನಿಮಿಷ ತಡಾ ಮಾಡಿ, ನೆಟ್ ಹೋಗೇಬಿಡೋದು. ಆ ಕಲ್ಲಿನ ಗ್ವಾಡಿ ನಡುವ ಮೊಬೈಲಿಗೂ ಸಿಗ್ನಲ್ ಸಿಗೂದಿಲ್ಲ. ಒಂದಿಷ್ಟು ಹೊತ್ತು ಗುದ್ದಾಡಿ ಕೆಳಗ ಓಡಿ ಬಂದರ ರೌಟರಿನ ಹಸಿರು ದೀಪ ಪಿಳಿಪಿಳಿ ಅನ್ನೋವು, ಮಾವ ಗುಡುಸಾಬರು ಆರಾಮಾಗಿ ಟಿವಿ ಸುದ್ದಿ ನೋಡ್ತಿರೋರು. ಇನ್ನೊಮ್ಮೆ ಪಾಠ ಕಡಿದರ ಬ್ಯಾಚ್ ಬ್ಯಾರೆಯವರಿಗೆ ಅಂತ ಕಂಪನಿ ಖಡಕ್ಕಾಗಿ ಹೇಳಿತ್ತು.

ಏಳು ಸಲ ಕಂಪ್ಲೇಂಟ್ ಕೊಟ್ಟಳು. ಒಬ್ಬರೂ ಈ ಕಡೆ ಹಾಯಲಿಲ್ಲ. ಏಳೂ ಸಲ ‘ನಿಮ್ಮ ಕಂಪ್ಲೇಂಟು ಬಗೆಹರಿದಿದೆ, ಧನ್ಯವಾದ’ ಅಂತ ಮೆಸೇಜು! ಅತ್ತಿ ಪ್ಯಾರಿಬಿ ಸೈತ ಸಿಟ್ಟಿಗೆದ್ದು, “ಅವರ ಬಾಯಾಗ ಮಣ್ಣ ಬೀಳಲಿ,” ಅಂತ ಶಾಪ ಹಾಕಿದ್ದಳು.

ಇವತ್ತು ಫರಹೀನ ಕನೆಕ್ಷನ್ ಕೊಟ್ಟು ಹೋಗಿದ್ದ ನೆಟ್ಟಿನ ಸಂತೋಷಕುಮಾರಗ ಫೋನ್ ಹಚ್ಚಿ ಚೀರಿದಳು. “ನಾಲ್ಕೂವರಿಗೆ ಬಂದು ನನ್ನ ಮನ್ಯಾಗ ಕೂಡ್ರಿ! ಕಣ್ಣಾರೆ ನೋಡ್ರಿ! ಇಲ್ಲಾಂದ್ರ ಈ ಡಬ್ಬಿ ತಂದು ನಿಮ್ಮ ಆಫೀಸಿನ ಮುಂದ ಒಗಿತೇನಿ.”

ಅಂವ ಬಂದ, ಪಡಸಾಲ್ಯಾಗ ಕುಂತ. ಫರಹೀನಳೂ ಲ್ಯಾಪ್‌ಟಾಪ್ ಕೆಳಗ ತಂದು, ಮಾವನ ಟಿವಿ ದನಿ ಬಂದ್ ಮಾಡಿಸಿ, ಅಲ್ಲೇ ಪಾಠ ಚಾಲೂ ಮಾಡಿದಳು.

ಪೌಣೇ ಐದರ ಸುಮಾರಿಗೆ ಮಸೂತಿಯಿಂದ ಅಸರ್‌ನ ಅಜಾನ್ ಕೇಳಿತು. ಅಡಗಿಮನಿಯಿಂದ ಪ್ಯಾರಿಬಿ ತಲಿ ಮ್ಯಾಲ ಸೆರಗ ಎಳಕೊಂತ ಬಂದಳು. ಅಜಾನ್ ಆಗುವಾಗ ಆ ಮನ್ಯಾಗ ಟಿವಿ ನಡೀಬಾರದು, ಮುಗಿದ ಮ್ಯಾಲ ಮತ್ತ ಹಚ್ಚಬೇಕು, ಅದು ಅವರ ಪದ್ಧತಿ. ಬಗ್ಗಿ ಟಿವಿ ಹಿಂದಿನ ಬೋರ್ಡಿನ ಗುಂಡಿ ಒತ್ತಿದಳು. ಟಿವಿ ಕಪ್ಪಾತು. ಅದರ ಜೋಡಿ ರೌಟರಿನ ದೀಪಾನೂ ಆರಿದವು. ಲ್ಯಾಪ್‌ಟಾಪಿನ್ಯಾಗ ಇಪ್ಪತ್ತೆರಡೂ ಮಾರಿ ಹಂಗ ನಿಂತುಬಿಟ್ಟವು.

“ಅಮ್ಮಿ! ಏನ್ ಮಾಡಿದ್ರಿ!” ಫರಹೀನ ಅತ್ತಿಗೆ ಚೀರಿದಳು.

ಅಜಾನ್ ನಡದದ ಅಂತ ಪ್ಯಾರಿಬಿ ಕೈ ಸನ್ನಿ ಮಾಡಿದಳು. ಸಂತೋಷಕುಮಾರನೇ ಸಣ್ಣ ದನಿಯೊಳಗ ಅಂದ, “ನಾ ಇದನ್ನ ಬಾಗಿಲಾ ಹಂತೇಕ ಬ್ಯಾರೆ ಪ್ಲಗ್ಗಿಗೆ ಹಾಕಿದ್ನಲ್ರಿ ಬಾಜಿ. ಈ ಟಿವಿ ಬೋರ್ಡಿಗೆ ಯಾರು ತಂದ್ರು?”

ತಂದವಳು ಫರಹೀನಳೇ. ಹೋದ ತಿಂಗಳು, ಬಾಗಿಲ ಹತ್ರ ವಾಯರ್ ಜೋತುಬಿದ್ದು ಕೆಟ್ಟ ಕಾಣಾಕತ್ತೇದ ಅಂತ.

“ಈ ಗುಂಡಿಗೆ ನಿನ್ನ ನೆಟ್ ಅದ ಅಂತ ನನಗೇನು ಗೊತ್ತು?” ಅಜಾನ್ ಮುಗಿದಿತ್ತು, ಪ್ಯಾರಿಬಿಯ ದನಿ ಈಗ ಏರಿತು. “ಊರ ಮಂದಿಗೆಲ್ಲಾ ಫೋನ್ ಹಚ್ಚಿ ಜಗಳಾಡಿದಿ. ದಿನಾ ಇದ ಮನ್ಯಾಗ ಇರ್ತೇನಿ. ನನ್ನ ಒಂದು ಮಾತು ಕೇಳಿದೇನು?”

ಪ್ಯಾರಿಬಿ ಬಗ್ಗಿ ಗುಂಡಿ ಒತ್ತಿದಳು. ಹಸಿರು ದೀಪ ಒಂದೊಂದಾಗಿ ಹತ್ತಿ, ನೆಟ್ ಬಂದು, ಕಂಪನಿಯ ಮೆಸೇಜೂ ಬಂತು. ನಾಳೆಯಿಂದ ನಿಮ್ಮ ಬ್ಯಾಚ್ ಬೇರೆಯವರಿಗೆ, ಧನ್ಯವಾದ.