ಅಕ್ಕನ ಕೊನೆಯ ವಸೂಲಿ

"ಹೂ ಬೇಡ ಅಂದೆನಲ್ಲ, ಕಿವಿ ಕೇಳಲ್ವಾ?" ತಂಗಿ ಆಳೆತ್ತರದ ಹಾರವನ್ನು ಬಾಗಿಲಲ್ಲೇ ಕಿತ್ತುಕೊಂಡು ಕಾಂಪೌಂಡಿನ ಮೇಲೆಸೆದಳು. ಹಾರ ತಂದಿದ್ದ ರೆಕಾರ್ಡ್ ಕಂಪನಿ ಮ್ಯಾನೇಜರು ಕಕ್ಕಾಬಿಕ್ಕಿಯಾಗಿ, ಬರಿದಾದ ಕೈಗಳನ್ನು ಎಲ್ಲಿಡುವುದೆಂದು ತಿಳಿಯದೆ ಕೋಟಿನ ಜೇಬಿಗೆ ತುರುಕಿಕೊಂಡ.

ಒಳಗೆ ಅಕ್ಕ ಮಲಗಿದ್ದಳು. ಲೋಕಕ್ಕೆಲ್ಲ ಹಾಡುವ ಅಕ್ಕ, ನಿನ್ನೆ ನಿದ್ದೆಯಲ್ಲೇ ಹೋಗಿಬಿಟ್ಟಿದ್ದಳು. ಇವತ್ತು ಸಂಜೆ ಮೈದಾನದಲ್ಲಿ ಅವಳ ಹಾಡಿತ್ತು. ಕಡಲಾಚೆ ಬರ ಬಿದ್ದ ದೇಶಕ್ಕೆ ನಾಳೆ ಬೆಳಗ್ಗೆ ಧಾನ್ಯದ ಹಡಗು ಹೊರಡಬೇಕಿತ್ತು. ಆ ಹಾಡಿಗೆ ಬರುವ ಅಕ್ಕಿಯನ್ನೇ ನಂಬಿಕೊಂಡಿದ್ದ ಗೋದಾಮು ಅರ್ಧವೂ ತುಂಬಿರಲಿಲ್ಲ. ಗೋದಾಮಿನ ಬೀಗದ ಕೈ ತಂಗಿಯ ಸೊಂಟದಲ್ಲಿತ್ತು. ಅಳಲು ಕೂತರೆ ಅದರ ಖಾಲಿ ನೆಲವೇ ಕಣ್ಣಿಗೆ ಕಟ್ಟುತ್ತಿತ್ತು.

"ಹಾಡೋಳೇ ಹೋದ್ಳು, ಇನ್ಯಾರು ಕೊಡ್ತಾರೆ?" ಎಂದಳು, ಅಕ್ಕನ ಹಾಡಿಗೆ ಡೋಲು ಬಾರಿಸುವ ಮುದುಕನಿಗೆ.

"ಕೊಡ್ತಾರೆ ಕಣಮ್ಮ."

"ಹೂಂ, ಹಾರ ಕೊಡ್ತಾರೆ. ಹಸಿದೋರು ಹಾರ ಮೇಯ್ತಾರಾ, ಆಡಿನ ಥರ?"

\*

ವರ್ಷಗಳ ಹಿಂದೆ, ಅಕ್ಕನಿಗೆ ಹೆಸರು ಬಂದ ಹೊಸತು. ದೊಡ್ಡ ಸಭಾಂಗಣ, ಮುಂದಿನ ಸಾಲಲ್ಲಿ ಸೆಂಟಿನ ಘಮಘಮ. ಎಲ್ಲರ ಬಾಯಲ್ಲಿದ್ದ ಹಾಡನ್ನೇ ಎತ್ತಿದ ಅಕ್ಕ, ಕೊನೆಯ ಸಾಲು ಬಂದಾಗ ಗಪ್ಪನೆ ನಿಲ್ಲಿಸಿದಳು. ಮರೆತಳೇನೋ ಎಂದುಕೊಂಡರು. ಅವಳು ಸ್ಟೂಲೆಳೆದು ಕೂತು, ನಿಧಾನಕ್ಕೆ ನೀರು ಕುಡಿದಳು.

"ಕೊನೇ ಸಾಲು ಪುಕ್ಕಟೆ ಅಲ್ಲ. ಬಾಗ್ಲಲ್ಲಿ ಖಾಲಿ ಚೀಲ ಇಟ್ಟಿದೀನಿ. ಅಕ್ಕಿ-ಬೇಳೆ ತುಂಬ್ಲಿ, ಹಾಡ್ತೀನಿ."

"ಇದೇನು, ದರೋಡೆನಾ?" ಯಾರೋ ಕೂಗಿದರು.

"ಹೌದಣ್ಣ, ದರೋಡೆನೇ! ನಿಮ್ಮನೆ ನಾಯಿ ತಟ್ಟೇಲಿ ಬಿಟ್ಟಿದ್ದಕ್ಕೂ ಮಕ್ಕಳು ಕಿತ್ತಾಡೋ ಕಡೆ ಕಳಿಸ್ತೀನಿ. ಈ ಹೆಸರನ್ನ ಇಟ್ಕೊಂಡು ಇನ್ನೇನು ಉಪ್ಪಿನಕಾಯಿ ಹಾಕ್ಲಾ?"

ಬೈಯುತ್ತ, ನಗುತ್ತ ಜನ ಅಂಗಡಿಗಳಿಗೆ ಓಡಿದರು. ಅಲ್ಲಿಂದ ಮುಂದೆ ಯಾವ ದೇಶದಲ್ಲಿ ಹಾಡಿದರೂ ಅದೇ ವಸೂಲಿ.

\*

ಶವದ ವ್ಯಾನು ಬಂದು ನಿಂತಾಗ ಬೀದಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ವಾದ್ಯದವರು ಅದೇ ಹಾಡನ್ನು ನುಡಿಸಿದರು. ಕೊನೆಯ ಸಾಲು ಬಂತು. ಮುದುಕನ ಕೈ ತಂತಾನೇ ನಿಂತಿತು. ಪಿಟೀಲೂ ನಿಂತಿತು.

"ಬಾರಿಸ್ರೀ!" ತಂಗಿ ಪಿಸುಗುಟ್ಟಿದಳು.

"ಕೈ ಏಳ್ತಿಲ್ಲ ಕಣಮ್ಮ. ಹಳೇ ಚಾಳಿ."

ಅಷ್ಟರಲ್ಲಿ ಗುಂಪಿನೊಳಗೆ ಹೆಂಗಸೊಬ್ಬಳು ಕಿಸಕ್ಕನೆ ನಕ್ಕಳು: "ಅಯ್ಯೋ ಇವಳ! ಸತ್ತಮೇಲೂ ಬಿಡಲ್ವಲ್ಲ!"

ನಗು ಕಿಚ್ಚಿನಂತೆ ಹಬ್ಬಿತು. ಶೋಕಕ್ಕೆಂದು ಮುಚ್ಚಿದ್ದ ಅಂಗಡಿಗಳ ಶಟರುಗಳು ಗಡಗಡನೆ ಮೇಲೆದ್ದವು. ಅಕ್ಕಿ ಬಂತು, ಬೇಳೆ ಬಂತು, ಹಿಟ್ಟು ಬಂತು. ಮ್ಯಾನೇಜರು ಕೋಟು ಬೆಳ್ಳಗಾಗುವಂತೆ ಹಿಟ್ಟಿನ ಮೂಟೆ ಹೊತ್ತು, ಏದುಸಿರು ಬಿಡುತ್ತ ಬಂದ.

"ಎಲ್ಲಿಡ್ಲಮ್ಮ?"

ತಂಗಿ ಸುತ್ತ ನೋಡಿದಳು. ಕಣ್ಣೆದುರಿಗಿದ್ದದ್ದು ಒಂದೇ ಗಾಡಿ. ಹೋಗಿ ಅದರ ಹಿಂಬಾಗಿಲು ತೆಗೆದಳು.

"ಅಮ್ಮಾ, ಇದು ಹೆಣದ ವ್ಯಾನು!" ಡ್ರೈವರ್ ಬಾಯಿ ಬಡಿದುಕೊಂಡ.

"ಗೊತ್ತಪ್ಪ. ನಮ್ಮಕ್ಕಂಗೆ ಅರ್ಜೆಂಟಿಲ್ಲ. ಹಡಗಿಗಿದೆ."

ಬಾಗಿಲು ಮುಚ್ಚಲಾಗದಷ್ಟು ತುಂಬಿದ ಮೇಲೆ ತಂಗಿ ಮುದುಕನತ್ತ ತಲೆಯಾಡಿಸಿದಳು. ಕೊನೆಯ ಸಾಲಿಗೆ ಡೋಲು ಗುಡುಗಿತು.

ವ್ಯಾನು ಭಾರಕ್ಕೆ ಹಿಂದೆ ಕುಸಿದು ಬಂದರಿನತ್ತ ತೆವಳಿತು. ಅದರ ಬೆನ್ನಿಗೇ, ಹಿಟ್ಟು ಮೆತ್ತಿದ ಹೆಗಲುಗಳ ಮೇಲೆ, ಮೂಟೆಗಳಿಗೆ ದಾರಿ ಬಿಟ್ಟುಕೊಟ್ಟವಳಂತೆ ಅಕ್ಕ ಹೊರಟಳು.