ಮೂಟೆಗೆ ಐದು ಯೂನಿಟ್

ನಾನು ಇಂಜೆಕ್ಷನ್ ಕೊಡುವ ಹೊತ್ತಿಗೆ ಸೊಳ್ಳೆಗಳು ಕಿಟಕಿಯ ಸರಳಿನ ಮೇಲೆ ಸಾಲಾಗಿ ಕೂತು, ಚುಚ್ಚುವುದು ಹೇಗೆ ಅಂತ ನನ್ನಿಂದ ಪಾಠ ಹೇಳಿಸಿಕೊಂಡು ಹೋಗುತ್ತಿದ್ದವು. ಒಂದು ಮುದಿ ಸೊಳ್ಳೆಯಂತೂ ನನ್ನ ಕೈಚಳಕ ನೋಡಿ ನಾಚಿ, ಕಚ್ಚುವ ಕಸುಬನ್ನೇ ಬಿಟ್ಟು ಎಲೆಯ ರಸ ಕುಡಿದುಕೊಂಡು ಕಾಲ ಹಾಕಿತು. ನಂಬದಿದ್ದರೆ ಬಿಡಿ, ನನಗೇನೂ ನಷ್ಟವಿಲ್ಲ.

ನಾನು ಸೋಫಾ ಹೊಲಿಯುವವನು. ಮೂವತ್ತು ವರ್ಷ ಗೇಣುದ್ದದ ಬಾಗು ಸೂಜಿ ಹಿಡಿದು, ಚಾಕು ಕೂಡ ಹೆದರುವಂಥ ದಪ್ಪ ತೊಗಲನ್ನು ಬೆಣ್ಣೆಯ ಹಾಗೆ ತೂತು ಮಾಡಿದವನು. ನಾನು ಹೊಲಿದ ಕುರ್ಚಿಯಲ್ಲಿ ಒಬ್ಬ ಜಡ್ಜ್ ಕೂತವರು ಮೂರು ದಿನ ಏಳಲೇ ಇಲ್ಲ. ಕೋರ್ಟಿಗೆ ರಜೆ ಕೊಡಬೇಕಾಯಿತು. ಇಂಥ ನನ್ನ ಅಂಗಡಿ ಮುಚ್ಚಿತು ಅಂದರೆ ಅದು ಲೋಕದ ದುರದೃಷ್ಟ. ಅದೇ ತಿಂಗಳು ಹೆಂಡತಿಯೂ ಮನೆ ಬಾಗಿಲು ಹಾಕಿಕೊಂಡಳು. ನಾನು ಅಕ್ಕನ ಮನೆಗೆ ಬಂದೆ. ಅಕ್ಕ ಕೈಕಾಲು ಹಿಡಿದು ಕರೆದಳು ಅಂತ ಎಲ್ಲರಿಗೂ ಹೇಳಿದ್ದೇನೆ. ಅವಳು ನಿಜಕ್ಕೂ ಹೇಳಿದ್ದು ಇಷ್ಟು: "ಹದಿನೈದು ದಿನ ಇರು. ಆಮೇಲೆ ನಿನ್ನ ದಾರಿ ನೀನು ನೋಡ್ಕೋ."

ಅಕ್ಕ ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಇಸ್ತ್ರಿ ಮಾಡುವವಳು. ಭಾವ ತೀರಿಕೊಂಡ ವರ್ಷದಿಂದ ಅವಳ ಜೊತೆಗಿದ್ದದ್ದು ಒಂದು ಬೂದು ಬಣ್ಣದ ಬೆಕ್ಕು. ಏಳು ಕಿಲೋ ತೂಗುತ್ತಿದ್ದದ್ದರಿಂದ ಹೆಸರು ಮೂಟೆ. ನಾನು ಬಂದು ಹನ್ನೆರಡನೇ ದಿನ ಅದು ಬಟ್ಟಲುಗಟ್ಟಲೆ ನೀರು ಕುಡಿಯುವುದನ್ನು ಕಂಡು ಗಾಬರಿಯಾದ ಅಕ್ಕ ಪಶುವೈದ್ಯೆಯ ಹತ್ತಿರ ಕರೆದೊಯ್ದಳು. ಸಕ್ಕರೆ ಕಾಯಿಲೆ.

ಡಾಕ್ಟರಮ್ಮ ಎಲ್ಲ ತಿಳಿಸಿ ಹೇಳಿದರು. ಇನ್ಸುಲಿನ್ ಬಾಟಲಿ ಫ್ರಿಜ್ಜಿನಲ್ಲಿರಬೇಕು. ಕುಲುಕಬಾರದು, ಅಂಗೈಗಳ ನಡುವೆ ಮೆಲ್ಲಗೆ ಉರುಳಿಸಬೇಕು. ಮೊದಲು ಊಟ, ಆಮೇಲೆ ಸೂಜಿ. ಕತ್ತಿನ ಹಿಂದಿನ ಚರ್ಮವನ್ನು ಗುಡಾರದ ಹಾಗೆ ಎತ್ತಿ, ಬುಡದಲ್ಲಿ ಚುಚ್ಚಬೇಕು. ಒಣ ಬಿಸ್ಕತ್ತು ಬಂದ್, ಬರೀ ಮಾಂಸ.

"ಬೆಳಿಗ್ಗೆ ಏಳಕ್ಕೊಂದು, ಸಂಜೆ ಏಳಕ್ಕೊಂದು," ಅಂದಳು ಅಕ್ಕ, ದಾರಿಯಲ್ಲಿ. "ನಾನು ಆರಕ್ಕೆ ಮನೆ ಬಿಟ್ರೆ ರಾತ್ರಿ ಎಂಟಕ್ಕೆ ಬರೋದು. ಯಾರೋ ಚುಚ್ತಾರೆ ಇವನಿಗೆ?"

"ಅಕ್ಕಾ, ಸೂಜಿ ಅಂದ್ರೆ ಯಾರು? ನಾನು!"

"ಸೋಫಾ ಅಲ್ಲ ಕಣೋ ಇದು."

"ಸೋಫಾದ ಅಪ್ಪನಿಗೂ ಚುಚ್ತೀನಿ."

ಹದಿನೈದು ದಿನದ ಮಾತನ್ನು ಆಮೇಲೆ ಅವಳು ಎತ್ತಲಿಲ್ಲ. ಬಿಸಿ ಊಟ, ಹಿತ್ತಲ ಕಡೆಯ ಕೋಣೆ, ಅಲ್ಲಿ ನನ್ನ ಹಳೆ ಕುರ್ಚಿಗಳ ರಿಪೇರಿಗೆ ಜಾಗ, ಎಲ್ಲ ಸಿಕ್ಕಿತು. ಮೂಟೆಗೆ ಸೂಜಿ ಬೇಕಿರುವ ತನಕ ನಾನೂ ಇರಬಹುದಿತ್ತು. ನನ್ನ ಹೆಸರು ಸೂಜಿಮಲ್ಲ ಅಂತಾಯಿತು.

ಊಟದ ವಿಷಯದಲ್ಲಿ ನನ್ನನ್ನು ಮೀರಿಸುವವರು ಹುಟ್ಟಿಲ್ಲ. ಕೋಳಿಮಾಂಸವನ್ನು ಉಪ್ಪಿಲ್ಲದೆ ಬೇಯಿಸಿ, ಎಳೆ ಎಳೆ ಬಿಡಿಸಿ ತಕ್ಕಡಿಯಲ್ಲಿಡುತ್ತಿದ್ದೆ. ಒಂದು ಗ್ರಾಂ ಹೆಚ್ಚಾದರೆ ಒಂದು ಎಳೆ ನನ್ನ ಬಾಯಿಗೆ. ಬಿಸ್ಕತ್ತಿನ ಡಬ್ಬಿಗೆ ಮೊಳೆ ಹೊಡೆದೆ. ಆಮೇಲೆ ಮೂಟೆಯನ್ನು ಎತ್ತಿಕೊಂಡು ಹಿತ್ತಲ ಕೋಣೆಗೆ ಹೋಗಿ ಬಾಗಿಲು ಹಾಕುತ್ತಿದ್ದೆ. ಎರಡು ನಿಮಿಷಕ್ಕೆ ಹೊರಗೆ ಬಂದು ಫ್ರಿಜ್ಜಿನ ಮೇಲಿನ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು. ಒಂದು ದಿನವೂ ತಪ್ಪಿಲ್ಲ.

ಭಾನುವಾರ ಅಕ್ಕ ಕಾಲಿಗೆ ತೊಡರುತ್ತಿದ್ದಳು. "ನಾನೂ ನೋಡ್ತೀನೋ."

"ಮೂಟೆಗೆ ಸಂಕೋಚ. ನೀನು ಹೊರಗಿರು."

"ಹನ್ನೊಂದು ವರ್ಷ ನನ್ನ ಕಾಲ ಮೇಲೆ ಮಲಗಿದ್ದಾನೆ, ನನ್ನ ಹತ್ರ ಸಂಕೋಚವಂತೆ! ಬಾಯಲ್ಲಾದ್ರೂ ಹೇಳು, ಹೇಗೆ ಮಾಡ್ತೀಯ?"

ಹೇಳಿದೆ. ಒಂದಲ್ಲ, ನೂರು ಸಲ ಹೇಳಿದೆ. ಊಟದ ಮೇಜಿನ ಮೇಲೆ ಟವೆಲ್ ಮಡಿಸಿ, ಗುಡಾರ ಎತ್ತಿ, ಸೂಜಿ ಯಾವ ಓರೆಯಲ್ಲಿ, ಎಷ್ಟು ಆಳ ಅಂತ ಅಭಿನಯ ಮಾಡಿ ತೋರಿಸಿದೆ. ಅಕ್ಕ ಬಾಯಿ ಬಿಟ್ಟು ನೋಡುತ್ತಿದ್ದಳು.

ಆದರೆ ಮೂಟೆ ಇಳಿಯುತ್ತಾ ಹೋಯಿತು. ಆರು ಕಿಲೋ, ಐದು, ನಾಲ್ಕೂವರೆ. ಹಿಂಗಾಲುಗಳ ಶಕ್ತಿ ಹೋಗಿ ಹಿಮ್ಮಡಿ ನೆಲಕ್ಕೂರಿ ಮೊಲದ ಹಾಗೆ ನಡೆಯತೊಡಗಿತು. ಹದಿನೈದು ದಿನಕ್ಕೊಮ್ಮೆ ರಕ್ತ ಪರೀಕ್ಷೆ. ಸಕ್ಕರೆ ನಾನೂರಕ್ಕೆ ಕಮ್ಮಿ ಬಂದದ್ದೇ ಇಲ್ಲ. ಡಾಕ್ಟರಮ್ಮ ತಲೆ ಕೆರೆದುಕೊಂಡು ಒಂದು ಯೂನಿಟ್ಟನ್ನು ಎರಡು ಮಾಡಿದರು, ಮೂರು ಮಾಡಿದರು, ಬಾಟಲಿ ಬದಲಿಸಿದರು. ನಾಲ್ಕನೇ ತಿಂಗಳಿಗೆ ಐದಾಯಿತು.

"ಸೂಜಿ ಸರಿಯಾಗಿ ಒಳಗೆ ಹೋಗ್ತಿದೆ ತಾನೆ?" ಅಂತ ಒಮ್ಮೆ ಕೇಳಿದರು.

"ಡಾಕ್ಟರಮ್ಮ, ನೀವು ಡಾಕ್ಟರಾಗೋಕೆ ಮುಂಚೆಯಿಂದ ನಾನು ಸೂಜಿ ಹಿಡಿದವನು," ಅಂದೆ. ಅಕ್ಕ ಹೆಮ್ಮೆಯಿಂದ ನನ್ನ ಕಡೆ ನೋಡಿದಳು. ಡಾಕ್ಟರಮ್ಮ ಮತ್ತೆ ಕೇಳಲಿಲ್ಲ.

ಮೊನ್ನೆ ಬುಧವಾರ ಆರೂವರೆಗೇ ಎದ್ದು ಒಂದು ಕ್ಷೌರದಂಗಡಿಗೆ ಹೋದೆ. ಆರು ಕುರ್ಚಿಗಳ ಸೀಟಿನ ಅಳತೆ ಬೇಕಿತ್ತು. ಏಳು ಗಂಟೆಯ ಇಂಜೆಕ್ಷನ್ನಿಗೆ ಅಂಥ ಆತುರವೇನೂ ಇರಲಿಲ್ಲ ನನಗೆ. ಹತ್ತಕ್ಕೆ ಮನೆಗೆ ಬಂದರೆ, ಲಾಂಡ್ರಿಯಲ್ಲಿರಬೇಕಾದ ಅಕ್ಕ ಬೆಕ್ಕನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಅವಳ ಮುಖ ಅಷ್ಟು ಅರಳಿದ್ದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ.

"ಬಾರೋ ಸೂಜಿಮಲ್ಲ! ಹೋಯ್ತು ನಿನ್ನ ಕೆಲಸ!"

"ಏನಾಯ್ತಕ್ಕ?"

"ಬಾಯ್ಲರ್ ಕೆಟ್ಟಿದೆ ಅಂತ ವಾಪಸ್ ಕಳಿಸಿದ್ರು. ಬಂದು ನೋಡಿದ್ರೆ ನೀನಿಲ್ಲ, ಕ್ಯಾಲೆಂಡರಿನಲ್ಲಿ ಗುರುತಿಲ್ಲ. ಎಂಟು ಗಂಟೆ ಆಗೋಗಿತ್ತು. ಊಟ ಹಾಕಿ ನಾನೇ ಚುಚ್ಚಿಬಿಟ್ಟೆ! ನೀನು ಹೇಳಿಕೊಟ್ಟ ಹಾಗೇ, ಗುಡಾರ ಎತ್ತಿ, ಸರಕ್ಕಂತ. ಇವನು ಮಿಸುಕಲೂ ಇಲ್ಲ!"

"ಎಷ್ಟು ಕೊಟ್ಟೆ?"

"ಎಷ್ಟು ಅಂದ್ರೆ? ನೀನು ದಿನಾ ಕೊಡೋ ಅಷ್ಟೇ. ಐದು."

ಆಗ ನಾನು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿತುಂಬ ಮಾತಿರುವ ನಾನು ಆ ಒಂದು ಮಾತು ಬಿಟ್ಟು, "ಇನ್ನೊಂಚೂರು ಊಟ ಹಾಕೋಣ," ಅಂದೆ. ಮಾಂಸ ತಂದಿಟ್ಟೆ. ಮೂಟೆ ಮೂಸಿ ಮುಖ ತಿರುಗಿಸಿತು. ಕೆಳಗಿಳಿದು ನಾಲ್ಕು ಹೆಜ್ಜೆ ಹೋಗಿ ಗೋಡೆಗೆ ಒರಗಿತು.

"ಯಾಕೋ ತೂರಾಡ್ತಿದ್ದಾನೆ?"

"ಔಷಧ ಹತ್ತುತ್ತಿದೆ ಅಕ್ಕ. ನಿದ್ದೆ ಬರುತ್ತೆ. ನಾನು ದಿನಾ ನೋಡಲ್ವಾ?"

ಹೀಗೆ ಮುಕ್ಕಾಲು ಗಂಟೆ ಕಳೆದೆ. ಆಮೇಲೆ ಮೂಟೆ ಮಗ್ಗುಲಾಗಿ ಬಿದ್ದು, ಗಾಳಿಯಲ್ಲಿ ಈಜುವ ಹಾಗೆ ಕಾಲು ಬಡಿಯತೊಡಗಿತು. ಅಕ್ಕ ಚೀರಿದಳು. ನಾನು ಸಕ್ಕರೆ ಪಾಕದಲ್ಲಿ ಬೆರಳು ಅದ್ದಿ ಮೂಟೆಯ ವಸಡಿಗೆ ಹಚ್ಚಿದೆ. ಬಟ್ಟೆಯ ಬುಟ್ಟಿಯಲ್ಲಿ ಮಲಗಿಸಿಕೊಂಡು ಓಡಿದೆವು.

ಡಾಕ್ಟರಮ್ಮ ಕಿವಿಯಂಚಿಗೆ ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದರು. ಸಕ್ಕರೆ ಇಪ್ಪತ್ತೆರಡು. ತಕ್ಷಣ ಮುಂಗಾಲಿಗೆ ಡ್ರಿಪ್ ಹಾಕಿದರು. ಸ್ವಲ್ಪ ಹೊತ್ತಿಗೆ ಕಾಲು ಬಡಿಯುವುದು ನಿಂತಿತು. ಕಣ್ಣು ತೆರೆದಿತ್ತು, ಟಾರ್ಚ್ ಬಿಟ್ಟರೂ ರೆಪ್ಪೆ ಮಿಟುಕಲಿಲ್ಲ.

"ಉಳಿಯಬಹುದು. ದೃಷ್ಟಿ ವಾಪಸ್ ಬರುತ್ತೆ ಅಂತ ಹೇಳಲಾರೆ," ಅಂದರು. "ನನಗೆ ಅರ್ಥ ಆಗ್ತಿಲ್ಲ. ಇಷ್ಟು ದಿನ ಐದು ಯೂನಿಟ್ಟಿಗೂ ಜಗ್ಗದ ಸಕ್ಕರೆ ಇವತ್ತು ಅದೇ ಐದಕ್ಕೆ ಪಾತಾಳಕ್ಕೆ ಹೋಗಿದೆ. ಇವತ್ತು ಬೇರೆ ಏನಾಯ್ತು?"

"ನಾನು ಮುಟ್ಟಿದೆ," ಅಂದಳು ಅಕ್ಕ. "ಅದೇ ಆಗಿದ್ದು. ನಾಲ್ಕು ತಿಂಗಳು ನನ್ನ ತಮ್ಮ ಕಾಪಾಡ್ಕೊಂಡು ಬಂದ. ಒಂದೇ ಒಂದು ದಿನ ನಾನು ಕೈ ಹಾಕಿದೆ, ಹೀಗಾಯ್ತು." ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು.

ನಾನು ಅವಳ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಕ್ಕ, ಅಭ್ಯಾಸ ಇಲ್ಲದ ಕೈ," ಅಂದೆ.

ಅಂದೆ. ಮುಚ್ಚಿಡುವುದಿಲ್ಲ.

ಡಾಕ್ಟರಮ್ಮ ನನ್ನನ್ನೇ ನೋಡುತ್ತಿದ್ದರು. ಒಳಗೆ ಹೋಗಿ ಎರಡು ಸಿರಿಂಜ್ ತಂದರು. "ಬರೀ ಉಪ್ಪುನೀರು, ಏನೂ ಆಗಲ್ಲ. ಇಬ್ಬರೂ ಒಂದೊಂದು ಕೊಟ್ಟು ತೋರಿಸಿ."

ಅಕ್ಕ ಬೇಡ ಬೇಡ ಅನ್ನುತ್ತಲೇ ಸಿರಿಂಜ್ ತೆಗೆದುಕೊಂಡಳು. ಚರ್ಮ ಎತ್ತಿದಳು, ಸೂಜಿ ಹೋಯಿತು, ಹೊರಗೆ ಬಂತು. ಡಾಕ್ಟರಮ್ಮ ಆ ಜಾಗ ಸವರಿ ನೋಡಿದರು. ಒಂದು ಹನಿಯೂ ಹೊರಗಿಲ್ಲ.

"ಈಗ ನೀವು, ಸಾರ್."

ನಾನು ಗುಡಾರ ಎತ್ತಿದೆ. ಬೆರಳ ಸಂದಿನಲ್ಲಿ ಆ ಚರ್ಮ ಬೆಚ್ಚಗಿತ್ತು, ಒಳಗೆಲ್ಲೋ ಉಸಿರು ಆಡುತ್ತಿತ್ತು. ಸೂಜಿಯ ಮೊನೆ ತುಪ್ಪಳಕ್ಕೆ ತಾಗಿದ್ದೇ ತಡ, ಮಣಿಕಟ್ಟು ಮರಗಟ್ಟಿತು. ಹೆಬ್ಬೆರಳು ಮಾತ್ರ ತನ್ನಷ್ಟಕ್ಕೆ ತಾನೇ ಒತ್ತಿತು. ಉಪ್ಪುನೀರು ಬೂದು ರೋಮದ ಮೇಲೆ ಹರಡಿತು.

"ದಿನಾ ಹೀಗೇನಾ?" ಅಂದರು ಡಾಕ್ಟರಮ್ಮ.

"ಇವತ್ತು ಕೈ ಬೆವರಿದೆ. ಇಲ್ಲಾಂದ್ರೆ ನಾನು..."

"ನೀವು ಈಗ ಸುಳ್ಳು ಹೇಳಿದ್ರೆ ಇವನಿಗೆ ಮುಂದೆ ಎಷ್ಟು ಔಷಧ ಕೊಡಬೇಕು ಅಂತ ನನಗೆ ಗೊತ್ತಾಗಲ್ಲ. ಐದು ಅಂದ್ಕೊಂಡು ಶುರು ಮಾಡಿದ್ರೆ ಸಾಯ್ತಾನೆ. ಹೇಳಿ. ಎಷ್ಟು ಸಲ ಒಳಗೆ ಹೋಗಿದೆ?"

ಅಕ್ಕ ನನ್ನ ಕಡೆ ತಿರುಗಿದಳು. ಇನ್ನೂ ನನ್ನ ಮೇಲೆ ನಂಬಿಕೆ ಇಟ್ಟುಕೊಂಡೇ ತಿರುಗಿದಳು.

"ಒಂದು ಸಲವೂ ಇಲ್ಲ," ಅಂದೆ.

ಮೊದಲನೇ ದಿನ ಸೂಜಿ ತಾಗಿಸಿದಾಗ ಮೂಟೆ ಕತ್ತು ತಿರುಗಿಸಿ ನನ್ನ ಮುಖ ನೋಡಿತು. ಯಾವ ಸೋಫಾ ಕೂಡ ನನ್ನನ್ನು ಹಾಗೆ ನೋಡಿರಲಿಲ್ಲ. ಕೈ ಬರಲಿಲ್ಲ. ಪಕ್ಕದ ಕುರ್ಚಿಯ ಸ್ಪಂಜಿಗೆ ಔಷಧ ಒತ್ತಿಬಿಟ್ಟೆ, ನಾಳೆ ಚುಚ್ಚಿದರಾಯಿತು ಅಂದುಕೊಂಡು ಗುರುತು ಹಾಕಿದೆ. ನಾಳೆಯೂ ಸ್ಪಂಜಿಗೆ. ಹೇಳಿದ್ದರೆ ನನ್ನ ಹದಿನೈದು ದಿನ ಅಲ್ಲಿಗೆ ಮುಗಿಯುತ್ತಿತ್ತು. ಡಾಕ್ಟರಮ್ಮ ಏರಿಸಿದ ಒಂದೊಂದು ಯೂನಿಟ್ಟೂ ಆ ಕುರ್ಚಿಯೇ ಕುಡಿಯಿತು. ಇದೆಲ್ಲವನ್ನೂ ಡಾಕ್ಟರಮ್ಮನಿಗೆ ಹೇಳಿದೆ, ಅವರು ಬರೆದುಕೊಂಡರು. ಅಕ್ಕ ಇನ್ನೂ ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ನಿನ್ನ ಕೈ ಸರಿಯಾಗೇ ಇತ್ತಕ್ಕ," ಅಂದೆ. "ಅವನಿಗೆ ಇವತ್ತೇ ಮೊದಲನೇ ಇಂಜೆಕ್ಷನ್."